ಮುಚ್ಚಿದ ಬಟ್ಟಲಿನೊಳಗಣ ಗಾಳಿ: ಹೆಡ್‌ಫೋನು ತಿದ್ದುವ ವಿದ್ಯೆಯ ಸಮೀಕ್ಷೆ

ಸಂಗೀತವನ್ನು ಒಬ್ಬಂಟಿಯಾಗಿ ಆಲಿಸಬೇಕು, ಆಲಿಸುವಾಗ ಹೊರಗಿನ ಗದ್ದಲ ಒಳಕ್ಕೆ ಬರಬಾರದು, ತನ್ನ ಕಿವಿಯ ಸಂಗೀತ ಪಕ್ಕದವರ ನಿದ್ರೆಯನ್ನು ಕೆಡಿಸಬಾರದು ಎಂಬ ಮೂರು ಅಪೇಕ್ಷೆಗಳನ್ನು ಒಟ್ಟಿಗೆ ಈಡೇರಿಸಹೊರಟ ಸಾಧನವೇ ಬೆನ್ನು ಮುಚ್ಚಿದ ಹೆಡ್‌ಫೋನು. ಧ್ವನಿಮುದ್ರಣ ಕೊಠಡಿಯಲ್ಲಿ ಮೈಕಿನ ಮುಂದೆ ನಿಂತ ಗಾಯಕನಿಗೂ, ಆಕಾಶವಾಣಿಯ ಉದ್ಘೋಷಕನಿಗೂ, ಬೆಂಗಳೂರಿನ ಗೋಡೆಯಿಲ್ಲದ ಕಛೇರಿಗಳಲ್ಲಿ ಹತ್ತಾರು ಮಾತುಗಳ ನಡುವೆ ಕುಳಿತು ಏಕಾಗ್ರತೆಯನ್ನು ಕಾಪಾಡಿಕೊಳ್ಳಬೇಕಾದ ಉದ್ಯೋಗಿಗೂ ಅದು ಇಂದು ನಿತ್ಯೋಪಯೋಗಿಯಾದ ವಸ್ತು. ಆದರೆ ಕೊಂಡು ಕೆಲಕಾಲ ಬಳಸಿದವರ ಬಾಯಿಂದ ಬರುವ ದೂರುಗಳು ಬಹುಕಾಲದಿಂದ ಒಂದೇ ಬಗೆಯವು: ಧ್ವನಿ ಡಬ್ಬಿಯೊಳಗಿಂದ ಬಂದಂತಿದೆ, ಮಂದ್ರ ಗುಮ್ಮೆನ್ನುತ್ತದೆ, ತಾರದಲ್ಲಿ ಸಕಾರ ಷಕಾರಗಳು ಚುಚ್ಚುತ್ತವೆ, ಅರ್ಧ ಗಂಟೆಯೊಳಗೆ ಕಿವಿ ಬೆವರುತ್ತದೆ, ಗಂಟೆ ತುಂಬುವಷ್ಟರಲ್ಲಿ ನೆತ್ತಿ ನೋಯುತ್ತದೆ. ಈ ದೂರುಗಳನ್ನು ನುಂಗಿಕೊಂಡಿರದೆ, ಹೆಚ್ಚು ಬೆಲೆಯ ಇನ್ನೊಂದನ್ನು ಕೊಳ್ಳಲೂ ಹೋಗದೆ, ಕೈಯಲ್ಲಿರುವುದನ್ನೇ ಬಿಚ್ಚಿ, ತುಂಬಿ, ಅಂಟಿಸಿ, ಮೆತ್ತೆ ಬದಲಿಸಿ ಹದಕ್ಕೆ ತರುವ ಹವ್ಯಾಸವೊಂದು ಹಲವು ದೇಶಗಳಲ್ಲಿ ಬೆಳೆದು, ಈಗ ಒಂದು ಕಿರುವಿದ್ಯೆಯ ಮಟ್ಟಕ್ಕೆ ಬಂದಿದೆ. ಆ ವಿದ್ಯೆಯಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ನೋಡುವುದೇ ಈ ಲೇಖನದ ಉದ್ದೇಶ. ಧ್ವನಿಯ ಪ್ರಶ್ನೆ ಬೇರೆ, ಸೌಖ್ಯದ ಪ್ರಶ್ನೆ ಬೇರೆ ಎಂದು ವಿಭಾಗಿಸಿ ಮಾತನಾಡುವುದು ರೂಢಿಯಾಗಿದೆ. ಆ ವಿಭಾಗವೇ ತಪ್ಪೆಂದೂ, ಮೆತ್ತೆಯು ಕಪೋಲವನ್ನು ಮುಟ್ಟುವ ಒಂದೇ ರೇಖೆಯ ಮೇಲೆ ಇವೆರಡೂ ನಿರ್ಣಯವಾಗುತ್ತವೆಯೆಂದೂ ನನ್ನ ಮತ.

ಪೂರ್ವಚರಿತ್ರೆಯನ್ನು ದೀರ್ಘವಾಗಿ ಹೇಳಬೇಕಾದ ಅಗತ್ಯವಿಲ್ಲ. ಅಮೆರಿಕದ ಯೂಟಾ ಪ್ರಾಂತದ ನೆಥಾನಿಯಲ್ ಬಾಲ್ಡ್‌ವಿನ್ ಎಂಬಾತ 1910ರ ಸುಮಾರಿನಲ್ಲಿ ತನ್ನ ಮನೆಯ ಅಡಿಗೆಕೋಣೆಯಲ್ಲಿ ಮಾಡಿದ ಶ್ರವಣಯಂತ್ರಗಳನ್ನು ಆ ದೇಶದ ನೌಕಾಪಡೆ ಕೊಂಡಿತು. 1937ರಲ್ಲಿ ಬರ್ಲಿನ್ನಿನ ಬೇಯರ್ ಸಂಸ್ಥೆ ಡಿಟಿ 48 ಎಂಬುದನ್ನು ಹೊರತಂದಿತು. 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೋ ಸಂಗೀತವನ್ನು ಮನೆಯಲ್ಲಿ ಕೇಳುವುದಕ್ಕಾಗಿಯೇ ಹೆಡ್‌ಫೋನನ್ನು ಮಾರಾಟಕ್ಕಿಟ್ಟ. ಇವೆಲ್ಲ ಮುಚ್ಚಿದ ಬೆನ್ನಿನವು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು ಹಳದಿ ಸ್ಪಂಜಿನ ಎಚ್‌ಡಿ 414 ಎಂಬ ಹಗುರವಾದ ಉಪಕರಣದಲ್ಲಿ ಬೆನ್ನನ್ನು ತೆರೆದುಬಿಟ್ಟು, ವಿದ್ಯುತ್ತನ್ನು ಧ್ವನಿಯಾಗಿಸುವ ಡ್ರೈವರಿನ ಹಿಂದಿನ ಧ್ವನಿ ತಡೆಯಿಲ್ಲದೆ ಹೊರಗೆ ಹೋಗುವಂತೆ ಮಾಡಿದಾಗ, ಅಲ್ಲಿಯವರೆಗೆ ಸಹಜವೆಂದು ಜನ ಒಪ್ಪಿಕೊಂಡಿದ್ದ ಡಬ್ಬಿಯ ದನಿ ಒಂದು ದೋಷವೆಂಬುದು ಮೊದಲ ಸಲ ಎಲ್ಲರ ಕಿವಿಗೂ ಸ್ಪಷ್ಟವಾಯಿತು. ಅಂದಿನಿಂದ ಮುಚ್ಚಿದ ಬೆನ್ನಿನ ಹೆಡ್‌ಫೋನು ತೆರೆದ ಬೆನ್ನಿನದರೊಡನೆ ಹೋಲಿಕೆಗೆ ಗುರಿಯಾಗುತ್ತಲೇ ಬಂದಿದೆ. ಅದನ್ನು ತಿದ್ದಹೊರಟವರ ಪ್ರಯತ್ನದ ಬಹುಭಾಗವನ್ನು, ಗೋಡೆಯನ್ನು ಉಳಿಸಿಕೊಂಡು ಗೋಡೆಯಿಲ್ಲದಂಥ ಧ್ವನಿಯನ್ನು ಪಡೆಯುವ ಪ್ರಯತ್ನವೆಂದು ವರ್ಣಿಸಬಹುದು.

ಗೋಡೆ ಮಾಡುವ ಕೇಡಾದರೂ ಏನು? ಡ್ರೈವರಿನ ತೆಳುಪಟಲ ಮುಂದಕ್ಕೆ ಚಲಿಸಿದಾಗ ಕಿವಿಯ ಕಡೆ ಎಷ್ಟು ಧ್ವನಿ ಹುಟ್ಟುತ್ತದೆಯೋ ಅಷ್ಟೇ ಧ್ವನಿ ವಿರುದ್ಧ ಮುಖವಾಗಿ ಹಿಂದಣ ಬಟ್ಟಲಿನೊಳಗೂ ಹುಟ್ಟುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಆ ಧ್ವನಿ ಬಟ್ಟಲಿನ ತಳಕ್ಕೆ ಬಡಿದು ಹಿಂದಿರುಗಿ, ಕಾಗದಕ್ಕಿಂತ ತೆಳುವಾದ ಪಟಲವನ್ನು ಹಾದು, ಮೂಲಧ್ವನಿಗಿಂತ ಕ್ಷಣಭಾಗ ತಡವಾಗಿ ಕಿವಿಯನ್ನು ಸೇರುತ್ತದೆ. ಬಟ್ಟಲಿನ ಆಳ 3 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆಗಿರುವುದರಿಂದ, ಅರ್ಧ ತರಂಗ ಆ ಆಳದಲ್ಲಿ ಸರಿಯಾಗಿ ಕೂರುವುದು ಸುಮಾರು 5,700 ಹರ್ಟ್ಸ್‌ನಲ್ಲಿ. ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ 7 ಸೆಂಟಿಮೀಟರ್ ಇದ್ದರೆ ಸುಮಾರು 2,450 ಹರ್ಟ್ಸ್‌ನಲ್ಲಿ. ಈ ಎರಡು ಸಂಖ್ಯೆಗಳ ನೆರೆಹೊರೆಯಲ್ಲಿಯೇ ಮಾತಿನ ವ್ಯಂಜನಗಳ ಸ್ಪಷ್ಟತೆ, ಪಿಟೀಲಿನ ಕಮಾನಿನ ಅಂಚು, ತಂಬೂರಿಯ ಜೀವಾಳದ ಝೇಂಕಾರ ಎಲ್ಲವೂ ನೆಲೆಗೊಂಡಿರುವುದರಿಂದ, ಅಲ್ಲಿ ಎದ್ದ ಒಂದು ಅನುನಾದ ಇಡೀ ಸಂಗೀತದ ಮುಖಚರ್ಯೆಯನ್ನೇ ಬದಲಿಸುತ್ತದೆ. ಇದರ ಮೇಲೆ ಬಟ್ಟಲಿನ ಪ್ಲಾಸ್ಟಿಕ್ಕು ತಾನೂ ಕಂಪಿಸಿ ತನ್ನದೊಂದು ದನಿಯನ್ನು ಸೇರಿಸುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಪಟಲದ ಚಲನೆಯನ್ನು ಬಿಗಿಹಿಡಿದು ಅದರ ಸಹಜ ಕಂಪನಾಂಕವನ್ನು ಮೇಲಕ್ಕೆ ತಳ್ಳುತ್ತದೆ. ಹೀಗೆ ಗಾಳಿ, ಗೋಡೆ, ಪ್ರತಿಫಲನ ಎಂಬ ಮೂರು ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದಲೇ ಒಂದಕ್ಕೆ ಮಾಡಿದ ಚಿಕಿತ್ಸೆ ಇನ್ನೊಂದನ್ನು ಕೆಣಕುವುದು.

ಈ ವಿದ್ಯೆಗೆ ಪಾಠಶಾಲೆಯಂತಿರುವ ಉಪಕರಣವೊಂದುಂಟು. ಅದು ಜಪಾನಿನ ಫಾಸ್ಟೆಕ್ಸ್ ಸಂಸ್ಥೆಯ ಟಿ50ಆರ್‌ಪಿ. ಧ್ವನಿಮುದ್ರಣ ಕೊಠಡಿಗಳಿಗಾಗಿ ಮಾಡಿದ ಈ ಹೆಡ್‌ಫೋನಿನಲ್ಲಿ ಸಾಮಾನ್ಯ ಡ್ರೈವರಿನ ಶಂಕು ಮತ್ತು ಸುರುಳಿಗಳ ಬದಲು, ತೆಳುವಾದ ಪೊರೆಯ ಮೇಲೆಯೇ ವಿದ್ಯುತ್‌ಪಥವನ್ನು ಅಚ್ಚೊತ್ತಿ, ಅದನ್ನು ಎರಡು ಪಕ್ಕದ ಅಯಸ್ಕಾಂತಗಳ ನಡುವೆ ತೂಗಿಸಿದ್ದಾರೆ; ಪೊರೆಯ ಉದ್ದಗಲವೆಲ್ಲ ಒಂದಾಗಿ ಚಲಿಸುವುದರಿಂದ ಅದರ ಮೂಲಗುಣ ಉತ್ತಮವಾದುದು. ಆದರೆ ಆ ಉತ್ತಮವಾದ ಡ್ರೈವರನ್ನು ಕೂರಿಸಿರುವುದು ತೀರ ಸಾಧಾರಣವಾದ ಪ್ಲಾಸ್ಟಿಕ್ ಬಟ್ಟಲಿನಲ್ಲಿ. ಡ್ರೈವರನ್ನು ಕೂರಿಸಿದ ಒಳಗಣ ತಡಿಕೆಗೆ ಕಿವಿ ತಾಗುವಷ್ಟು ತೆಳುವಾದ ಮೆತ್ತೆ, ನೆತ್ತಿಯ ಮೇಲೆ ಗಡುಸಾದ ರಬ್ಬರಿನ ಪಟ್ಟಿ, 315 ಗ್ರಾಂ ತೂಕ. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ಅರೆತೆರೆದ ಜಾತಿಯದು, ಬಟ್ಟಲಿಗೆ ಸಣ್ಣ ಸೀಳುಗಂಡಿಗಳಿವೆ. ತಿದ್ದುವವರು ಆ ಗಂಡಿಗಳನ್ನು ತಮಗೆ ಬೇಕಾದಷ್ಟು ಮುಚ್ಚಿ ಅದನ್ನು ಮುಚ್ಚಿದ ಬೆನ್ನಿನದನ್ನಾಗಿ ಮಾಡಿಕೊಂಡರು. ಒಳ್ಳೆಯ ಹೃದಯ, ಬಡ ಶರೀರ, ಕೈಗೆಟಕುವ ಬೆಲೆ, ಸುಲಭವಾಗಿ ಬಿಚ್ಚಿಕೊಳ್ಳುವ ನಾಲ್ಕು ಸ್ಕ್ರೂಗಳು: ಹವ್ಯಾಸಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಲಿಲ್ಲ. ಸ್ಯಾನ್ ಡಿಯಾಗೋದ ಡ್ಯಾನ್ ಕ್ಲಾರ್ಕ್ ಎಂಬವರು ಇದನ್ನು ತಿದ್ದಿ ಮಾರುವುದರಿಂದಲೇ ತಮ್ಮ ಉದ್ಯಮವನ್ನು ಆರಂಭಿಸಿ, 2013ರಲ್ಲಿ ಮೂರು ಆಯಾಮದ ಮುದ್ರಣಯಂತ್ರದಿಂದ ಬಟ್ಟಲನ್ನೇ ಹೊಸದಾಗಿ ಅಚ್ಚುಹಾಕಿ ಆಲ್ಫಾ ಡಾಗ್ ಎಂಬ ಹೆಸರಿನಿಂದ ಹೊರತಂದರು. ಮುಂದೆ ಸ್ವಂತ ಡ್ರೈವರುಗಳನ್ನು ನಿರ್ಮಿಸುವ ಮಟ್ಟಕ್ಕೆ ಬೆಳೆದರು. ಶಿಕಾಗೋ ಕಡೆಯ ಜ಼ೆಡ್‌ಎಮ್‌ಎಫ್ ಸಂಸ್ಥೆಯ ಮೊದಲ ದಿನಗಳ ಕೆಲಸವೂ ಇದೇ ಉಪಕರಣಕ್ಕೆ ಮರದ ಬಟ್ಟಲುಗಳನ್ನು ತೊಡಿಸುವುದಾಗಿತ್ತು. ಹವ್ಯಾಸಿಗಳ ಮೇಜಿನಿಂದ ಹುಟ್ಟಿದ ಅನುಭವ ಉದ್ಯಮವಾಗಿ ನಿಂತಿತೆಂಬುದು ಈ ವಿದ್ಯೆ ಬರಿಯ ಕಲ್ಪನೆಯಲ್ಲವೆಂಬುದಕ್ಕೆ ತಕ್ಕ ಸಾಕ್ಷ್ಯ.

ಟಿ50ಆರ್‌ಪಿಯನ್ನು ಬಿಚ್ಚಿದವರು ಮೊದಲು ಕಾಣುವುದು ಡ್ರೈವರಿನ ಸುತ್ತ ತಡಿಕೆಯ ಹಿಂಭಾಗದಲ್ಲಿ ಎದ್ದುನಿಂತ ಪ್ಲಾಸ್ಟಿಕ್ ಏಣುಗಳ ಸಣ್ಣ ಸಣ್ಣ ಗೂಡುಗಳನ್ನು. ಆ ಗೂಡುಗಳಿಗೆ ಮಕ್ಕಳು ಬೊಂಬೆ ಮಾಡುವ ಎಣ್ಣೆಮಣ್ಣನ್ನೋ, ಗೋಡೆಗೆ ಚಿತ್ರಪಟ ಅಂಟಿಸುವ ಬ್ಲೂಟ್ಯಾಕನ್ನೋ ಬೆರಳ ತುದಿಯಿಂದ ಒತ್ತಿ ತುಂಬಿ ಮಟ್ಟಮಾಡುವುದು ಮೊದಲ ಕ್ರಮ. ಬಟ್ಟಲಿನ ಒಳಗೋಡೆಗೆ, ಕಾರಿನ ಬಾಗಿಲುಗಳಿಗೆ ಅಂಟಿಸುವ ಬ್ಯುಟೈಲ್ ರಬ್ಬರಿನ ಹಾಳೆಯನ್ನು ಕತ್ತರಿಸಿ ಅಂಟಿಸುವುದು ಎರಡನೆಯ ಕ್ರಮ. ಇವೆರಡರ ತತ್ತ್ವವೂ ಒಂದೇ: ಹಾಡಬಾರದ ಗೋಡೆಗೆ ತೂಕವನ್ನೂ ಜಡತೆಯನ್ನೂ ಕೊಟ್ಟು ಅದರ ಬಾಯಿ ಕಟ್ಟುವುದು. ನಮ್ಮ ಮೃದಂಗದಲ್ಲಿ ಇದೇ ಉಪಾಯ ವಿರುದ್ಧ ಉದ್ದೇಶಕ್ಕೆ ಬಳಕೆಯಾಗಿದೆ. ಬಲಮುಖದ ಚರ್ಮಕ್ಕೆ ಪದರ ಪದರವಾಗಿ ಕಟ್ಟಿದ ಕರಣೆಯ ತೂಕ, ಕರ್ಕಶವಾಗಬಹುದಾಗಿದ್ದ ಚರ್ಮದ ಉಪಸ್ವರಗಳನ್ನು ಶ್ರುತಿಬದ್ಧ ಶ್ರೇಣಿಗೆ ತರುತ್ತದೆಂಬುದನ್ನು ಸಿ. ವಿ. ರಾಮನ್ ಅವರು 1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆಯೂ, 1934ರಲ್ಲಿ ಬೆಂಗಳೂರಿನಿಂದ ಪ್ರಕಟವಾದ ತಮ್ಮ ಪ್ರಬಂಧದಲ್ಲಿಯೂ ತೋರಿಸಿಕೊಟ್ಟರು. ಅಲ್ಲಿ ತೂಕ ಬಿದ್ದದ್ದು ಹಾಡಬೇಕಾದ ಚರ್ಮದ ಮೇಲೆ, ಅದು ಇನ್ನಷ್ಟು ಇಂಪಾಗಿ ಹಾಡಲೆಂದು. ಇಲ್ಲಿ ತೂಕ ಬೀಳುವುದು ಹಾಡಬಾರದ ಗೋಡೆಯ ಮೇಲೆ, ಅದು ಸುಮ್ಮನಾಗಲೆಂದು. ಎಷ್ಟು ತೂಕ, ಎಲ್ಲಿ ಎಂಬ ವಿವೇಕ ಮಾತ್ರ ಎರಡು ಕಡೆಯೂ ಸಮಾನವಾಗಿ ಬೇಕು. ಹೆಡ್‌ಫೋನಿನಲ್ಲಿ ಈ ವಿವೇಕ ತಪ್ಪಿದರೆ ಫಲಿತಾಂಶ ತತ್‌ಕ್ಷಣ ಕತ್ತಿಗೆ ತಿಳಿಯುತ್ತದೆ: ಒಂದೊಂದು ಬಟ್ಟಲಿಗೆ ಮೂವತ್ತು ನಲವತ್ತು ಗ್ರಾಂ ಮಣ್ಣು ತುಂಬಿ ಧ್ವನಿಯಲ್ಲಿ ಗಳಿಸಿದ್ದನ್ನು, ಅರ್ಧ ಗಂಟೆಯ ಮೇಲೆ ತಲೆಯ ಮೇಲಿಡಲಾರದೆ ಕಳೆದುಕೊಂಡವರುಂಟು.

ಬಟ್ಟಲಿನೊಳಗೆ ಹತ್ತಿ, ಉಣ್ಣೆ, ಫೆಲ್ಟು, ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು ಮುಂತಾದವನ್ನು ಇಡುವುದು ಇನ್ನೊಂದು ಬಗೆ; ಬಹುಮಂದಿ ತಮ್ಮ ಪ್ರಯೋಗವನ್ನು ಆರಂಭಿಸುವುದೂ, ಬಹುಮಂದಿ ಎಡವುವುದೂ ಇಲ್ಲಿಯೇ. ರಂಧ್ರಮಯವಾದ ವಸ್ತು ಧ್ವನಿಯನ್ನು ಹೀರಬೇಕಾದರೆ ಗಾಳಿಯ ಕಣಗಳು ಅದರೊಳಗೆ ಓಡಾಡಬೇಕು; ಆ ಓಡಾಟ ಗೋಡೆಗೆ ಅಂಟಿಕೊಂಡಲ್ಲಿ ಶೂನ್ಯ, ಗೋಡೆಯಿಂದ ಕಾಲು ತರಂಗದ ದೂರದಲ್ಲಿ ಗರಿಷ್ಠ. 6,000 ಹರ್ಟ್ಸ್‌ಗೆ ಆ ಕಾಲು ತರಂಗ ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್. 100 ಹರ್ಟ್ಸ್‌ಗೆ 86 ಸೆಂಟಿಮೀಟರ್. ಆದುದರಿಂದ ಬಟ್ಟಲಿನ ತಳಕ್ಕೆ ಅಂಟಿಸಿದ ತೆಳು ಫೆಲ್ಟು ಅತಿ ಮೇಲಿನ ಸ್ವರಗಳನ್ನು ತುಸು ಸವರುತ್ತದೆಯೇ ಹೊರತು ಗುಮ್ಮೆನ್ನುವ ಮಂದ್ರವನ್ನು ಮುಟ್ಟುವುದೇ ಇಲ್ಲ. ಅದೇ ಫೆಲ್ಟನ್ನು ತಳದಿಂದ ಒಂದು ಸೆಂಟಿಮೀಟರಿನಷ್ಟು ಎತ್ತಿ ನಿಲ್ಲಿಸಿದರೆ ಅದರ ಕೆಲಸ ಎಷ್ಟೋ ಪಾಲು ಹೆಚ್ಚುತ್ತದೆ. ಬಿಡಿಸಿದ ನಾರನ್ನು ಸಡಿಲವಾಗಿ ತುಂಬಿದಾಗ ಇನ್ನೊಂದು ಉಪಕಾರವೂ ಆಗುತ್ತದೆ: ಗಾಳಿ ಒತ್ತಿದಾಗ ಹುಟ್ಟುವ ಉಷ್ಣವನ್ನು ನಾರು ಹೀರಿಕೊಂಡು, ಗಾಳಿ ಮೆತ್ತಗಾಗಿ, ಬಟ್ಟಲು ಇದ್ದುದಕ್ಕಿಂತ ದೊಡ್ಡದಾದಂತೆ ವರ್ತಿಸುತ್ತದೆ. ಸಿದ್ಧಾಂತದ ಪ್ರಕಾರ ಈ ಹಿಗ್ಗಿನ ಮಿತಿ 1.4 ಪಟ್ಟು, ವ್ಯವಹಾರದಲ್ಲಿ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಇಷ್ಟನ್ನು ತಿಳಿಯದೆ, ಸ್ವಲ್ಪ ತುಂಬಿದರೆ ಸ್ವಲ್ಪ ಗುಣವಾದುದರಿಂದ ಪೂರ್ತಿ ತುಂಬಿದರೆ ಪೂರ್ತಿ ಗುಣವಾದೀತೆಂದು ಗಿಡಿದು ತುರುಕಿದಾಗ, ನಾರು ಗೋಡೆಯಂತೆ ಗಟ್ಟಿಯಾಗಿ ಬಟ್ಟಲಿನ ಗಾತ್ರ ಕುಗ್ಗುತ್ತದೆ, ಸಂಗೀತದ ಉಸಿರು ಕಟ್ಟುತ್ತದೆ. ಅತಿಯಾಗಿ ತಿದ್ದಿದ ಹೆಡ್‌ಫೋನುಗಳಲ್ಲಿ ಕೇಳಿಬರುವ ಆ ನಿರ್ಜೀವವಾದ ಮಂಕುದನಿಗೆ ಮೂಲ ಇದೇ. ಗಾಜಿನ ನಾರನ್ನು ಬಳಸುವವರಿಗೆ ಒಂದು ಮಾತನ್ನು ಕಟುವಾಗಿಯೇ ಹೇಳಬೇಕು: ಚರ್ಮಕ್ಕೂ ಶ್ವಾಸಕೋಶಕ್ಕೂ ಒಗ್ಗದ ಆ ವಸ್ತುವನ್ನು ಮುಖದಿಂದ ಎರಡು ಅಂಗುಲ ದೂರದಲ್ಲಿಡುವುದು ಯಾವ ಧ್ವನಿಲಾಭಕ್ಕೂ ತಕ್ಕುದಲ್ಲ.

ಡ್ರೈವರಿನ ಮುಂದೆ ತೆಳುವಾದ ಪರದೆಯನ್ನು ಹಿಡಿದು ಚುಚ್ಚುವ ತಾರವನ್ನು ಹದಗೊಳಿಸುವ ಕ್ರಮಕ್ಕೆ ಧ್ವನಿಮುದ್ರಣದ ಚರಿತ್ರೆಯಲ್ಲಿ ಒಂದು ಪ್ರಸಿದ್ಧವಾದ ಪೂರ್ವನಿದರ್ಶನವಿದೆ. 1978ರಲ್ಲಿ ಹೊರಬಂದ ಯಮಾಹಾ ಎನ್‌ಎಸ್10 ಎಂಬ ಸ್ಪೀಕರಿನ ತಾರಧ್ವನಿ ಸಹಿಸಲಸಾಧ್ಯವಾದಾಗ ಕೊಠಡಿಯ ತಂತ್ರಜ್ಞರು ಅದರ ಮುಂದೆ ಟಿಶ್ಯೂ ಕಾಗದವನ್ನು ತೂಗುಹಾಕುತ್ತಿದ್ದರು. ಅದೇ ಕಾಗದ, ಅದಕ್ಕಿಂತ ನಿಯತವಾದ ಮೈಕ್ರೋಪೋರ್ ಎಂಬ ವೈದ್ಯಕೀಯ ಪಟ್ಟಿ, ತೆಳು ಫೆಲ್ಟಿನ ಬಿಲ್ಲೆ ಇವನ್ನು ಇಂದು ಬೇಯರ್‌ಡೈನಮಿಕ್ ಡಿಟಿ 770ರಂಥ, ತಾರ ಹರಿತವಾದ ಹೆಡ್‌ಫೋನುಗಳಲ್ಲಿ ಬಳಸುತ್ತಾರೆ. ಇದು ಅಗ್ಗದ ಉಪಾಯ, ಹಿಂದೆಗೆಯಬಹುದಾದ ಉಪಾಯ. ಅದಕ್ಕಿಂತ ಹೆಚ್ಚಿನ ಹೊಗಳಿಕೆ ಅದಕ್ಕೆ ಸಲ್ಲದು.

ಇನ್ನು ಮೆತ್ತೆಯ ವಿಚಾರ. ಹವ್ಯಾಸಿಗಳ ಸಾಹಿತ್ಯದಲ್ಲಿ ಮಣ್ಣಿಗೂ ನಾರಿಗೂ ಸಂದ ಗಮನದ ಅರ್ಧವೂ ಇದಕ್ಕೆ ಸಂದಿಲ್ಲವೆಂಬುದು ವಿಷಾದಕರ. ಏಕೆಂದರೆ ಉಳಿದೆಲ್ಲ ತಿದ್ದುಪಡಿಗಳು ಸೇರಿ ಮಾಡಲಾರದಷ್ಟು ಬದಲಾವಣೆಯನ್ನು ಮೆತ್ತೆಯೊಂದೇ ಮಾಡಬಲ್ಲುದು. 50 ಹರ್ಟ್ಸ್‌ನ ಸ್ವರದ ತರಂಗ ಸುಮಾರು 7 ಮೀಟರ್ ಉದ್ದ. ಕೋಣೆಯಲ್ಲಿ ಅದನ್ನು ಕೇಳಿಸಬೇಕಾದರೆ ಸ್ಪೀಕರು ಬಹಳ ಗಾಳಿಯನ್ನು ದೂಡಬೇಕು. ಬೆರಳೆಣಿಕೆಯ ಮಿಲಿಮೀಟರು ಗಾತ್ರದ ಚಲನೆಯೂ ಇಲ್ಲದ ಹೆಡ್‌ಫೋನಿನ ಪಟಲ ಅದನ್ನು ಕೇಳಿಸುತ್ತದೆಯೆಂದರೆ, ಮೆತ್ತೆ, ಕೆನ್ನೆ, ತಡಿಕೆ ಇವುಗಳ ನಡುವಣ ಎಳ್ಳಷ್ಟು ಗಾಳಿ ಎಲ್ಲ ಕಡೆಯೂ ಬಿಗಿಯಾಗಿ ಬಂಧಿತವಾಗಿದ್ದು, ಪಟಲದ ಒಂದೊಂದು ನೂಕಿಗೂ ಅದರ ಒತ್ತಡ ನೇರವಾಗಿ ಏರಿಳಿಯುವುದೇ ಕಾರಣ. ಆ ಬಂಧ ಒಂದು ಕಡೆ ಸಡಿಲಿದರೆ ಒತ್ತಡ ಸೋರಿಹೋಗುತ್ತದೆ, ಅದರೊಡನೆ ಮಂದ್ರವೂ ಹೋಗುತ್ತದೆ; ತಾರ ಮಾತ್ರ ಹಾಗೆಯೇ ಉಳಿದು ಮೊದಲಿಗಿಂತ ಹರಿತವಾಗಿ ಕೇಳುತ್ತದೆ. ಪರೀಕ್ಷೆ ಸುಲಭ. ಪುರುಷಗಾಯಕನೊಬ್ಬನ ತಂಬೂರಿಯ ಶುದ್ಧವಾದ ಧ್ವನಿಮುದ್ರಣವನ್ನು ಹಚ್ಚಿ, ಷಡ್ಜ ಸಿ ಶಾರ್ಪ್ ಆಗಿದ್ದರೆ ಸುಮಾರು 69 ಹರ್ಟ್ಸ್‌ನಲ್ಲಿ ನುಡಿಯುವ ಮಂದ್ರ ಷಡ್ಜದ ತಂತಿಗೆ ಕಿವಿಗೊಟ್ಟು, ಎರಡು ಬಟ್ಟಲುಗಳನ್ನೂ ಅಂಗೈಯಿಂದ ಮೆಲ್ಲನೆ ತಲೆಗೆ ಒತ್ತಿ ನೋಡಬೇಕು. ಒತ್ತಿದಾಗ ಆ ತಂತಿ ತುಂಬಿಕೊಂಡು ಬಂದು, ಬಿಟ್ಟಾಗ ಬಡವಾದರೆ, ಸೋರಿಕೆಯಿದೆ. ಕನ್ನಡಕದ ಕಡ್ಡಿ, ಕಿವಿಯ ಹಿಂದಣ ಕೂದಲು, ದವಡೆಯ ಕೆಳಗಣ ತಗ್ಗು ಇವುಗಳಲ್ಲಿ ಒಂದು ಕಾರಣವಾಗಿರುತ್ತದೆ. ಈ ಪರೀಕ್ಷೆಯನ್ನು ಮಾಡಿಕೊಳ್ಳದೆ ಬಟ್ಟಲನ್ನು ಬಿಚ್ಚಹೊರಡುವುದು ಕೆಲಸದ ಕ್ರಮವನ್ನೇ ತಲೆಕೆಳಗು ಮಾಡಿದಂತೆ.

ಮೆತ್ತೆಯ ಹೊದಿಕೆ ಚರ್ಮವೋ ಮಖಮಲ್ಲೋ ಎಂಬುದರಿಂದ ತೊಡಗಿ, ಒಳಅಂಚಿಗೆ ತೂತುಗಳಿವೆಯೇ, ದಪ್ಪ ಎಷ್ಟು, ಹಿಂಭಾಗ ಮುಂಭಾಗಕ್ಕಿಂತ ಎತ್ತರವೇ ಎಂಬುದರವರೆಗೆ ಎಲ್ಲವೂ ಧ್ವನಿಯನ್ನು ಬದಲಿಸುತ್ತವೆ. ದಪ್ಪ ಮೆತ್ತೆ ಡ್ರೈವರನ್ನು ಕಿವಿಯಿಂದ ದೂರ ಸರಿಸಿ, ಬಂಧಿತ ಗಾಳಿಯ ಗಾತ್ರವನ್ನು ಹಿಗ್ಗಿಸಿ, ಕಿವಿಯ ಹಾಲೆ ಧ್ವನಿಯನ್ನು ಹಿಡಿಯುವ ಬಗೆಯನ್ನೇ ಮಾರ್ಪಡಿಸುತ್ತದೆ. ಮಖಮಲ್ಲು ಗಾಳಿಯಾಡಿ ತಂಪಾಗಿರುತ್ತದೆ, ಆದರೆ ಅಷ್ಟು ಸೋರುತ್ತದೆ. 1991ರಿಂದ ಕೊಠಡಿಗಳಲ್ಲಿ ಸುಪರಿಚಿತವಾಗಿರುವ ಸೋನಿ ಎಂಡಿಆರ್ 7506ಕ್ಕೆ ಬೇಯರ್‌ಡೈನಮಿಕ್ ಡಿಟಿ 250ರ ಮಖಮಲ್ ಮೆತ್ತೆಯನ್ನು ತೊಡಿಸುವುದು ಬಹು ಹಳೆಯ ಪದ್ಧತಿ. ಕಿವಿಗೆ ಅದು ಹಿತ, ಉದುರುವ ಕಪ್ಪು ಚಕ್ಕೆಗಳ ಕಾಟವಿಲ್ಲ, ಆದರೆ ಮಂದ್ರ ಸ್ವಲ್ಪ ಇಳಿಯುತ್ತದೆ. ಆ ಹೆಡ್‌ಫೋನಿನಲ್ಲಿ ಮಂದ್ರ ತುಸು ಹೆಚ್ಚೆಂದು ಭಾವಿಸುವವರಿಗೆ ಅದು ಲಾಭವೇ ಆಯಿತು, ಭಾವಿಸದವರಿಗೆ ನಷ್ಟವಾಯಿತು. ಮೆತ್ತೆ ಬದಲಿಸಿದವನು ಅನೇಕ ವೇಳೆ ಹೊಸ ಹೆಡ್‌ಫೋನನ್ನೇ ಕೊಂಡಂತೆ ಎಂಬ ಮಾತಿನಲ್ಲಿ ಉತ್ಪ್ರೇಕ್ಷೆ ಬಹಳವಿಲ್ಲ.

ಈಗ ಸೌಖ್ಯದ ಪ್ರಶ್ನೆಗೆ ಬರೋಣ. ಬರುವುದೇನು, ಅದರಲ್ಲಿಯೇ ಇದ್ದೇವೆ. ಹೆಡ್‌ಫೋನು ತಲೆಯನ್ನು ಅಮುಕುವ ಬಲ ಹೆಚ್ಚಾದರೆ ದವಡೆ ನೋಯುತ್ತದೆ, ಕನ್ನಡಕದ ಕಡ್ಡಿ ಕಪಾಲಕ್ಕೆ ನಾಟುತ್ತದೆ. ಅದನ್ನು ತಗ್ಗಿಸಲು ಉಕ್ಕಿನ ತಲೆಪಟ್ಟಿಯನ್ನು ಸ್ವಲ್ಪ ಸ್ವಲ್ಪವಾಗಿ ಬಗ್ಗಿಸುವುದೂ, ಪ್ಲಾಸ್ಟಿಕ್ಕಿನದಾದರೆ ತಲೆಗಿಂತ ತುಸು ಅಗಲವಾದ ಪುಸ್ತಕದ ಅಟ್ಟಿಗೆ ರಾತ್ರಿಯೆಲ್ಲ ತೊಡಿಸಿಡುವುದೂ ಎಲ್ಲರೂ ಬಲ್ಲ ಉಪಾಯ. ಆದರೆ ಅಮುಕು ತಗ್ಗಿದೊಡನೆ ಮೆತ್ತೆಯ ಬಂಧವೂ ಸಡಿಲುತ್ತದೆ, ತಂಬೂರಿಯ ಮಂದ್ರ ಬಡವಾಗುತ್ತದೆ; ಸೌಖ್ಯಕ್ಕಾಗಿ ಮಾಡಿದ ಕೆಲಸ ಧ್ವನಿಯ ಮೇಲೆ ಬಂದು ಬೀಳುತ್ತದೆ. ಬಲವನ್ನು ಕಡಿಮೆ ಮಾಡುವುದಾದರೆ ಕಡಿಮೆ ಬಲಕ್ಕೂ ಕೆನ್ನೆಯ ಏರಿಳಿವಿಗೆ ಒಗ್ಗುವಂಥ ಮೃದುವಾದ ಮೆತ್ತೆಯನ್ನು ಜೊತೆಗೇ ತರಬೇಕು. ಮೈಯ ಬಿಸಿಗೆ ಮೆದುವಾಗುವ ಮೆಮೊರಿ ಫೋಮು ಇದಕ್ಕೆ ತಕ್ಕುದು. ಅದನ್ನು ತೊಟ್ಟು ಕೆಲವು ನಿಮಿಷ ಕಳೆದ ಮೇಲಷ್ಟೆ ಅದರ ನಿಜವಾದ ಧ್ವನಿ ತಿಳಿಯುವುದೆಂಬುದನ್ನು ಮಾತ್ರ ಮರೆಯಬಾರದು. ಹಿಂದೆ ಕಾಸ್ ಸಂಸ್ಥೆಯ ಪ್ರೊ 4ಎಎ ಹೆಡ್‌ಫೋನಿನಲ್ಲಿ ಮೆತ್ತೆಗೆ ದ್ರವವನ್ನು ತುಂಬಿದ್ದರ ಉದ್ದೇಶವೂ ಇದೇ ಆಗಿತ್ತು. ನೆತ್ತಿಯ ನೋವಿಗೆ ಕಾರಣ ತೂಕಕ್ಕಿಂತ ಹೆಚ್ಚಾಗಿ ಆ ತೂಕ ನಿಂತಿರುವ ಜಾಗದ ಸಂಕುಚಿತತೆ. ಟಿ50ಆರ್‌ಪಿಯ ರಬ್ಬರು ಪಟ್ಟಿಯ ಕೆಳಗೆ ಅಗಲವಾದ ಚರ್ಮದ ಪಟ್ಟಿಯೊಂದನ್ನು ತೂಗಿಸಿ ಭಾರವನ್ನು ಹರಡಿದರೆ, ಅದೇ 315 ಗ್ರಾಂ ಎಷ್ಟೋ ಹೊತ್ತು ಅರಿವಿಗೇ ಬಾರದಂತಿರುತ್ತದೆ. ಪಟ್ಟಿಯ ಎತ್ತರ ಸರಿಯಾದುದರಿಂದ ಬಟ್ಟಲು ಕಿವಿಯ ಮೇಲೆ ಸಮವಾಗಿ ಕೂತು ಬಂಧವೂ ಉತ್ತಮವಾಗುತ್ತದೆ. ಈ ಕೆಲಸಕ್ಕೆ ಚಪ್ಪಲಿ ಹೊಲಿಯುವ ನುರಿತ ಕೈ ಸಾಕು.

ನಮ್ಮ ಹವೆಯ ವಿಷಯವಾಗಿ ಪರದೇಶದ ಲೇಖಕರು ಹೇಳದ ಒಂದೆರಡು ಮಾತುಗಳನ್ನು ಇಲ್ಲಿ ಸೇರಿಸುವುದು ಉಚಿತ. ಕೃತಕ ಚರ್ಮದ ಮೆತ್ತೆಗಳ ಮೇಲ್ಪದರ ಬಹುಮಟ್ಟಿಗೆ ಪಾಲಿಯುರಿಥೇನ್. ತೇವವೂ ಬೆವರೂ ಸೇರಿ ಅದರ ಅಣುಬಂಧವನ್ನು ಕಡಿಯುವುದರಿಂದ, ಮಂಗಳೂರು ಕಾರವಾರಗಳ ಕಡಲತೀರದಲ್ಲಿ ಅದು ಒಣಹವೆಯ ಊರುಗಳಿಗಿಂತ ಬೇಗ ಚಕ್ಕೆಯೆದ್ದು ಉದುರುತ್ತದೆ. ನಿಜವಾದ ಕುರಿಯ ಚರ್ಮ ಹೀಗೆ ಉದುರುವುದಿಲ್ಲ, ಕಿವಿಗೂ ಹೆಚ್ಚು ತಂಪು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ತೇವ ಹೀರುವ ಸಿಲಿಕಾ ಪೊಟ್ಟಣದೊಡನೆ ಮುಚ್ಚಿದ ಡಬ್ಬಿಯಲ್ಲಿಡಬೇಕು. ಚರ್ಮದ ಹೊರಸುತ್ತು, ಕೆನ್ನೆಗೆ ತಾಗುವಲ್ಲಿ ಮಖಮಲ್ಲು ಎಂಬ ಮಿಶ್ರಜಾತಿಯ ಮೆತ್ತೆ ಎರಡಕ್ಕೂ ನಡುವಣ ದಾರಿ. ಬೆವರಿನ ನಾಡಿಗೆ ನಾನು ಶಿಫಾರಸು ಮಾಡುವುದು ಅದನ್ನೇ. ಸಾಮಗ್ರಿಗಾಗಿ ಪರದಾಡಬೇಕಾದ ಸ್ಥಿತಿ ಈಗಿಲ್ಲ. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಬೆಸುಗೆಯ ಸಲಕರಣೆ, 3.5 ಮಿಲಿಮೀಟರ್ ಜ್ಯಾಕು, ತಂತಿ ಎಲ್ಲ ದೊರೆಯುತ್ತವೆ. ಫೆಲ್ಟಿಗೂ ಮಖಮಲ್ಲಿಗೂ ಚಿಕ್ಕಪೇಟೆಯ ಬೀದಿಗಳು ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ.

ತಂತಿಯ ಮಾತು ಬಂದುದರಿಂದ ಅದರ ವಿಷಯವನ್ನು ಇಲ್ಲಿಯೇ ಮುಗಿಸಬಹುದು. ಬಟ್ಟಲಿಗೆ ಅಂಟಿಕೊಂಡ ತಂತಿಯನ್ನು ತೆಗೆದು, ಬಿಚ್ಚಿ ಹಾಕಬಹುದಾದ ಸಾಕೆಟ್ಟನ್ನು ಕೂರಿಸುವುದು ಬಹಳ ಉಪಯುಕ್ತವಾದ ಕೆಲಸ, ಏಕೆಂದರೆ ಹೆಡ್‌ಫೋನುಗಳು ಸಾಯುವುದು ಹೆಚ್ಚಾಗಿ ತಂತಿಯ ಮುರಿತದಿಂದ. ಬೆಳ್ಳಿಯ ತಂತಿ, ಶುದ್ಧ ತಾಮ್ರದ ಹೆಣೆದ ತಂತಿ ಧ್ವನಿಯನ್ನು ಬೆಳಗಿಸುತ್ತದೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ: 50 ಓಮ್ ರೋಧವುಳ್ಳ ಡ್ರೈವರಿನ ಮುಂದೆ ತಂತಿಯ ಒಂದು ಓಮಿಗೂ ಕಡಿಮೆಯಾದ ರೋಧ ಒಂದಿಷ್ಟು ಹೆಚ್ಚಾದರೂ ಕಡಿಮೆಯಾದರೂ ಕಿವಿಗೆ ತಿಳಿಯುವ ವ್ಯತ್ಯಾಸಕ್ಕೆ ಎಡೆಯಿಲ್ಲ. ಗದ್ದಲವನ್ನು ವಿದ್ಯುತ್ತಿನಿಂದ ರದ್ದುಮಾಡುವ ಹೆಡ್‌ಫೋನುಗಳನ್ನು ಬಿಚ್ಚುವುದನ್ನೂ ನಾನು ಸಮರ್ಥಿಸುವುದಿಲ್ಲ. ಬಂಗಾಳಿ ತಂದೆಯ ಮಗನಾದ ಅಮರ್ ಬೋಸ್ ಅವರಿಗೆ 1978ರ ಒಂದು ವಿಮಾನಯಾನದಲ್ಲಿ ಹೊಳೆದ ಆ ಉಪಾಯದಲ್ಲಿ, ಬಟ್ಟಲಿನೊಳಗೆ ಕೂತ ಮೈಕ್ರೋಫೋನು ಒಳಗಣ ಗಾಳಿಯ ವರ್ತನೆಯನ್ನು ಅಳೆಯುತ್ತಲೇ ಇರುತ್ತದೆ. ಬೇರೆ ಮೆತ್ತೆ ತೊಡಿಸಿದರೂ ಆ ಲೆಕ್ಕ ತಪ್ಪುತ್ತದೆ.

ತಿದ್ದುಪಡಿ ನಿಜವಾಗಿ ಗುಣಕಾರಿಯಾಯಿತೇ ಎಂದು ತಿಳಿಯುವ ಬಗೆ ಹೇಗೆ? ಸ್ಕ್ರೂ ಬಿಚ್ಚಿ, ನಾರು ಬದಲಿಸಿ, ಮತ್ತೆ ಜೋಡಿಸುವ ಹತ್ತು ನಿಮಿಷಗಳಲ್ಲಿ ಹಿಂದಿನ ಧ್ವನಿಯ ನೆನಪು ಮಾಸಿ, ಅದರ ಸ್ಥಾನದಲ್ಲಿ ಪಟ್ಟ ಶ್ರಮದ ಸಂತೋಷ ಬಂದು ಕೂತಿರುತ್ತದೆ. ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯ ಶ್ಲಾಘ್ಯವಾದುದು: ಒಂದು ಬಟ್ಟಲನ್ನು ಮಾತ್ರ ತಿದ್ದಿ, ಇನ್ನೊಂದನ್ನು ಮೊದಲಿದ್ದಂತೆಯೇ ಬಿಟ್ಟು, ಎರಡು ಕಡೆಗೂ ಒಂದೇ ಧ್ವನಿಯನ್ನು ಕಳುಹಿಸಿ, ಎಡಬಲಗಳಿಗೆ ತಿರುಗಿಸಿ ತಿರುಗಿಸಿ ಕೇಳುವುದು; ಅನಂತರ ಹೆಡ್‌ಫೋನನ್ನೇ ತಿರುಗಿಸಿ ತೊಟ್ಟು, ಎರಡು ಕಿವಿಗಳ ನಡುವೆ ಇರಬಹುದಾದ ಸ್ವಂತ ಭೇದವನ್ನು ಕಳೆಯುವುದು. ಯಂತ್ರದಿಂದ ಅಳೆಯುವುದಾದರೆ ಕಿವಿಯ ನಾಳವನ್ನು ಅನುಕರಿಸುವ ಐಇಸಿ 60318-4 ಎಂಬ ಪ್ರಮಾಣದ ಕೃತಕ ಕಿವಿಗಳಿವೆ. ಅವು ಹತ್ತು ಸಾವಿರ ಹರ್ಟ್ಸ್‌ನ ಆಚೆಗೆ ನೆಚ್ಚತಕ್ಕವಲ್ಲ, ಮೆತ್ತೆ ಕೂತ ಜಾಗ ತುಸು ಸರಿದರೂ ಫಲಿತಾಂಶ ಬದಲಾಗುತ್ತದೆ, ಆದುದರಿಂದ ಹಲವು ಸಲ ತೊಡಿಸಿ ತೆಗೆದು ಸರಾಸರಿ ನೋಡಬೇಕು. ಗುರಿಯಾವುದು ಎಂಬುದರಲ್ಲಿಯೂ ಒಮ್ಮತ ಬಹುಕಾಲ ಇರಲಿಲ್ಲ. 1986ರಲ್ಲಿ ಗುಂಥರ್ ಥೈಲೆ ಎಂಬ ಜರ್ಮನ್ ವಿದ್ವಾಂಸರು ಎಲ್ಲ ದಿಕ್ಕಿನಿಂದ ಸಮವಾಗಿ ಬರುವ ಧ್ವನಿ ಕಿವಿಯಲ್ಲಿ ಹೇಗೆ ಕೇಳುವುದೋ ಹಾಗೆ ಹೆಡ್‌ಫೋನು ಇರಬೇಕೆಂದು ವಾದಿಸಿದರು. 2013ರ ಸುಮಾರಿನಲ್ಲಿ ಹಾರ್ಮನ್ ಸಂಸ್ಥೆಯ ಷಾನ್ ಆಲಿವ್ ಮತ್ತು ಸಂಗಡಿಗರು, ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರಿನಂತೆ ಕೇಳುವ, ಮಂದ್ರ ತುಸು ಏರಿದ ರೇಖೆಯನ್ನೇ ಬಹುಜನ ಶ್ರೋತೃಗಳು ಮೆಚ್ಚುತ್ತಾರೆಂದು ಪ್ರಯೋಗಗಳಿಂದ ತೋರಿಸಿದರು. ತಿದ್ದುವವನಿಗೆ ಈ ರೇಖೆ ಒಂದು ದಿಕ್ಸೂಚಿಯಾಗಿ ಸಾಕು. ಅದನ್ನು ಕೂದಲೆಳೆಯಷ್ಟೂ ತಪ್ಪದೆ ಅನುಸರಿಸುವ ಹಟ, ಒಂದೊಂದು ಕಿವಿಯೂ ಬೇರೆ ಆಕಾರದ್ದಾಗಿರುವಾಗ, ವ್ಯರ್ಥ.

ಇಷ್ಟೆಲ್ಲ ಶ್ರಮದ ಬದಲು, ಒಂದೊಂದು ಸ್ವರಶ್ರೇಣಿಯ ಮಟ್ಟವನ್ನು ಏರಿಳಿಸುವ ಈಕ್ವಲೈಸರಿನಿಂದಲೇ ಎಲ್ಲವನ್ನೂ ತಿದ್ದಬಾರದೆ ಎಂಬ ಆಕ್ಷೇಪಣೆ ಗಂಭೀರವಾದುದು. ಅದನ್ನು ಹವ್ಯಾಸಿಗಳು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಹೆಡ್‌ಫೋನಿನ ಬಹುಪಾಲು ಉಬ್ಬುಗಳನ್ನು ಗಣಕಯಂತ್ರದಲ್ಲಿ ತಗ್ಗಿಸಿದರೆ ಉಬ್ಬಿನೊಡನೆ ಅದರ ಅನುರಣನವೂ ತಗ್ಗುತ್ತದೆ, ಮಣ್ಣು ನಾರುಗಳ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಪ್ರತಿಫಲಿತ ಧ್ವನಿ ಮೂಲಧ್ವನಿಯನ್ನು ಕೊಂದು ಮಾಡಿದ ಆಳವಾದ ಹಳ್ಳ ಈಕ್ವಲೈಸರಿನಿಂದ ತುಂಬುವುದಿಲ್ಲ, ಎಷ್ಟು ಸುರಿದರೂ ಅಷ್ಟೂ ರದ್ದಾಗುತ್ತದೆ. ಕನ್ನಡಕ ತೊಟ್ಟಾಗ ಒಂದು, ತೆಗೆದಾಗ ಒಂದು ಎಂಬಂತೆ ಬದಲಾಗುವ ಸೋರಿಕೆಗೆ ನಿಯತವಾದ ತಿದ್ದುಪಡಿ ಬರೆಯಲು ಬಾರದು. ದವಡೆಯ ನೋವಂತೂ ಈಕ್ವಲೈಸರಿನ ಅಧಿಕಾರಕ್ಕೆ ಹೊರಗಿನದು. ಆದುದರಿಂದ ಕ್ರಮ ಹೀಗಿರಬೇಕೆಂದು ನನಗೆ ತೋರುತ್ತದೆ: ಮೊದಲು ಮೆತ್ತೆ ಮತ್ತು ತಲೆಪಟ್ಟಿ, ಬಂಧ ಭದ್ರವಾಗುವವರೆಗೆ; ಅನಂತರ ಹಿಂದಣ ಬಟ್ಟಲಿನ ಪ್ರತಿಫಲನ, ಕಡಿಮೆ ನಾರಿನಿಂದ; ಆಮೇಲೆ ಗೋಡೆಗೆ ತೂಕ, ಕತ್ತು ಒಪ್ಪುವಷ್ಟು; ಉಳಿದುದಕ್ಕೆ ಈಕ್ವಲೈಸರು.

ಬಂಧ ಭದ್ರವಾದುದರಿಂದ ಆಗುವ ಇನ್ನೊಂದು ಲಾಭ ಆರೋಗ್ಯಕ್ಕೆ ಸಂಬಂಧಪಟ್ಟದ್ದು. ಹೊರಗದ್ದಲ ಒಳಕ್ಕೆ ಬಾರದಿದ್ದರೆ ಧ್ವನಿಯನ್ನು ಏರಿಸಬೇಕೆಂಬ ಪ್ರೇರಣೆಯೂ ತಗ್ಗುತ್ತದೆ. ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮಿತಿಯೊಳಗೆ ಉಳಿಯುವುದು ಸೋರುವ ಹೆಡ್‌ಫೋನು ತೊಟ್ಟು ಬಸ್ಸಿನಲ್ಲಿ ಕೂತವನಿಗೆ ಬಲು ಕಷ್ಟ.

ಕೆಲಸಕ್ಕೆ ಕೈಹಾಕುವವರು ಎಚ್ಚರವಹಿಸಬೇಕಾದ ಸಂಗತಿಗಳು ಹೆಚ್ಚಿಲ್ಲ, ಇರುವವು ಮುಖ್ಯ. ಟಿ50ಆರ್‌ಪಿಯಂಥ ಡ್ರೈವರಿನ ಅಯಸ್ಕಾಂತ ಉಕ್ಕಿನ ಸ್ಕ್ರೂಡ್ರೈವರನ್ನು ಕೈಯಿಂದ ಕಿತ್ತುಕೊಂಡಂತೆ ಸೆಳೆಯುತ್ತದೆ. ತುದಿ ಪೊರೆಗೆ ತಾಗಿದರೆ ಮುಗಿಯಿತು. ಆದುದರಿಂದ ಬಿಚ್ಚಿದೊಡನೆ ಡ್ರೈವರಿನ ಮೇಲೆ ದಪ್ಪ ಬಟ್ಟೆ ಹೊದಿಸಿ, ಕಬ್ಬಿಣದ ಪುಡಿಯಿರುವ ಮೇಜಿನಿಂದ ದೂರವಿಟ್ಟು ಕೆಲಸ ಮಾಡಬೇಕು. ಸಡಿಲ ನಾರಿನ ಒಂದೆಳೆ ಪಟಲಕ್ಕೆ ತಾಗಿದರೂ ಮಂದ್ರದಲ್ಲಿ ಗರಗರ ಹುಟ್ಟುವುದರಿಂದ ನಾರಿಗೂ ಡ್ರೈವರಿಗೂ ನಡುವೆ ತೆಳು ಬಟ್ಟೆಯ ಅಡ್ಡಿಯಿರಬೇಕು. ಎರಡು ಬಟ್ಟಲಿಗೂ ಹಾಕುವುದನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಕಣ್ಣಳತೆಯ ನಾರು ಎಡಬಲಗಳ ಸಮತೆಯನ್ನು ಕೆಡಿಸಿ ಗಾಯಕನನ್ನು ನಡುವಿನಿಂದ ಪಕ್ಕಕ್ಕೆ ಸರಿಸಿಬಿಡುತ್ತದೆ. ಬಟ್ಟಲಿಗೆ ತೂತು ಕೊರೆಯುವುದು, ಗಟ್ಟಿ ಅಂಟಿನಿಂದ ಮೆತ್ತೆ ಹಚ್ಚುವುದು ಮುಂತಾಗಿ ಹಿಂದೆಗೆಯಲಾಗದ ಕೆಲಸಗಳನ್ನು ಉಳಿದೆಲ್ಲ ಸಾಧ್ಯತೆಗಳು ಮುಗಿಯುವವರೆಗೆ ಮುಂದೂಡುವುದು ಕ್ಷೇಮ. ತೆಗೆದ ಮೂಲಭಾಗಗಳನ್ನು ಹೆಸರು ಬರೆದ ಪೊಟ್ಟಣಗಳಲ್ಲಿ ಕಾದಿಡಬೇಕು. ಮೆತ್ತೆ ಹಳೆಯದಾಗಿ ಚಪ್ಪಟೆಯಾದಾಗ ಅದಕ್ಕೆಂದು ಹದಮಾಡಿದ ಒಳಗಣ ನಾರಿನ ಪ್ರಮಾಣವೂ ಹದ ತಪ್ಪುವುದರಿಂದ, ಹೊಸ ಮೆತ್ತೆ ತೊಡಿಸಿದ ದಿನ ತಂಬೂರಿಯ ಪರೀಕ್ಷೆಯಿಂದ ತೊಡಗಿ ಎಲ್ಲವನ್ನೂ ಮತ್ತೊಮ್ಮೆ ನೋಡಿಕೊಳ್ಳಬೇಕಾಗುತ್ತದೆ. ಸರಿಹೊಂದಿದ ಮೆತ್ತೆ ಸಿಕ್ಕಿದಾಗ ಅದರ ಇನ್ನೊಂದು ಜೊತೆಯನ್ನೂ ಕೊಂಡಿಟ್ಟುಕೊಂಡರೆ ಆ ಕೆಲಸ ಅರ್ಧ ಹಗುರಾಗುತ್ತದೆ.